ನೊರೆಹಾಲು ಮತ್ತು ಹಸುವಿನ ಕ್ಷಯ

ಪ್ರಶ್ನೆ: ನಮ್ಮ ಕೊಟ್ಟಿಗೆಯಲ್ಲಿ ನಾಲ್ಕು ಹಸುಗಳಿವೆ. ಒಂದು ಹಸು ಮೇವು ತಿಂದರೂ ಸೊರಗುತ್ತ, ಆಗಾಗ ಕೆಮ್ಮುತ್ತಿತ್ತು. ಪಶುವೈದ್ಯರು ಅದರ ಕತ್ತಿನ ಚರ್ಮಕ್ಕೆ ಸೂಜಿ ಚುಚ್ಚಿ, ಮೂರು ದಿನಗಳ ನಂತರ ಬಾವು ಅಳೆದು, ಕ್ಷಯದ ಸೋಂಕಿದೆ ಎಂದಿದ್ದಾರೆ. ಮೊಮ್ಮಕ್ಕಳಿಗೆ ನೊರೆಹಾಲು ಕುಡಿಸುವ ರೂಢಿ ನಮ್ಮದು. ದನದ ಕಾಯಿಲೆ ಮನುಷ್ಯರಿಗೆ ಅಂಟುವುದಿಲ್ಲ ಎನ್ನುತ್ತಾರೆ ನಮ್ಮ ಮಾವನವರು. ಏನು ಮಾಡಬೇಕು?
– ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ನೊರೆಹಾಲು ಕುಡಿಸುವುದನ್ನು ಇಂದೇ ನಿಲ್ಲಿಸಿ, ಆ ಒಂದು ಹಸುವಿನದಷ್ಟೇ ಅಲ್ಲ, ನಾಲ್ಕರದ್ದೂ. ಸೋಂಕು ಹೊಸದಾಗಿ ತಗಲಿದ ಹಸುವೂ ತೀರಾ ನಿತ್ರಾಣಗೊಂಡ ಹಸುವೂ ಚರ್ಮದ ಪರೀಕ್ಷೆಯಲ್ಲಿ ಸಿಕ್ಕಿಬೀಳದೆ ಹೋಗಬಹುದು. ಆದ್ದರಿಂದ ಉಳಿದ ಮೂರನ್ನು ಈಗೊಮ್ಮೆ, ಸುಮಾರು ಎರಡು ತಿಂಗಳ ಬಳಿಕ ಮತ್ತೊಮ್ಮೆ ಪರೀಕ್ಷಿಸಲು ಪಶುವೈದ್ಯರನ್ನು ಕೋರಿ.

ಮಾವನವರ ನಂಬಿಕೆಗೆ ದೊಡ್ಡವರ ಬೆಂಬಲವೇ ಇತ್ತು. ಕ್ಷಯದ ರೋಗಾಣುವನ್ನು 1882ರಲ್ಲಿ ಕಂಡುಹಿಡಿದ ರಾಬರ್ಟ್ ಕಾಕ್ ಅವರೇ, ಹಸುವಿನ ಕ್ಷಯದಿಂದ ಮನುಷ್ಯರಿಗೆ ಹೇಳಿಕೊಳ್ಳುವಂಥ ಅಪಾಯವಿಲ್ಲವೆಂದು 1901ರಲ್ಲಿ ಲಂಡನ್ನಿನ ಸಮ್ಮೇಳನದಲ್ಲಿ ವಾದಿಸಿದ್ದರು. ಆ ಮಾತನ್ನು ಒರೆಗೆ ಹಚ್ಚಲು ಬ್ರಿಟನ್ ನೇಮಿಸಿದ ಆಯೋಗವು ಹತ್ತು ವರ್ಷ ದುಡಿದು, ಹಸಿಹಾಲಿನ ಮೂಲಕ ಈ ರೋಗ ಮನುಷ್ಯರಿಗೆ, ಅದರಲ್ಲೂ ಮಕ್ಕಳಿಗೆ, ತಗಲುತ್ತದೆಂದು ತೋರಿಸಿಕೊಟ್ಟಿತು. 2016ರಲ್ಲಿ ಜಗತ್ತಿನಾದ್ಯಂತ ಸುಮಾರು 1,47,000 ಜನರಿಗೆ ಹೀಗೆ ಪ್ರಾಣಿಗಳಿಂದ ಬಂದ ಕ್ಷಯ ತಗಲಿತೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತ್ತು.

ಮೈಕೊಬ್ಯಾಕ್ಟೀರಿಯಮ್ ಬೋವಿಸ್ ಎಂಬ ಈ ರೋಗಾಣು 72 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ 15 ಸೆಕೆಂಡುಗಳಲ್ಲೇ ಸಾಯುತ್ತದೆ. ಒಲೆಯ ಮೇಲೆ ಉಕ್ಕಿಬಂದ ಹಾಲು ಅದನ್ನೂ ಮೀರಿ ಕಾದಿರುತ್ತದೆ. ಕೆಚ್ಚಲಿನಿಂದ ಬಂದ ಬಿಸಿ ಆ ಬಿಸಿಯಲ್ಲ, ನೊರೆಹಾಲಿನ ತೊಡಕೇ ಇದು. ಕಾಯಿಸಿದ ಹಾಲಿಗೆ ಹೆಪ್ಪು ಹಾಕಿದ ಮೊಸರಿಗೆ ಹೆದರಬೇಕಿಲ್ಲ; ಹಸಿಹಾಲಿನ ಮೊಸರು, ಬೆಣ್ಣೆ ಬೇಡ.

ಹಾಲನ್ನು ಕಾಯಿಸಿದ ಮಾತ್ರಕ್ಕೆ ಕೊಟ್ಟಿಗೆಯ ಗಾಳಿ ಶುದ್ಧವಾಗುವುದಿಲ್ಲ. ಕೆಮ್ಮುವ ಹಸುವಿನ ಉಸಿರಿನಿಂದಲೂ ರೋಗ ಹರಡುವುದರಿಂದ ಅದನ್ನು ಗಾಳಿಯಾಡುವ ಬೇರೆ ಜಾಗದಲ್ಲಿ ಕಟ್ಟಿ. ಗೋದಲಿ, ನೀರಿನ ತೊಟ್ಟಿಗಳು ಬೇರೆಯಾಗಿರಲಿ. ಹಲವರು ಮರೆಯುವುದು ಕಲಗಚ್ಚಿನ ಬಕೆಟ್ಟನ್ನು, ಒಂದು ಹಸು ಮೂತಿ ಅದ್ದಿ ಬಿಟ್ಟದ್ದನ್ನೇ ಮುಂದಿನದಕ್ಕೆ ಒಡ್ಡುತ್ತೇವೆ. ಅಮೆರಿಕದಲ್ಲಿ 1917ರಿಂದ ಸೋಂಕಿತ ದನಗಳನ್ನು ಪತ್ತೆಹಚ್ಚಿ ಕೊಂದು ರೋಗವನ್ನು ಹತ್ತಿಕ್ಕಿದರು; ನಮ್ಮಲ್ಲಿ ಆ ದಾರಿ ಇಲ್ಲದಿರುವುದರಿಂದ ಪ್ರತ್ಯೇಕಿಸುವುದರ ಮೇಲೆಯೇ ಎಲ್ಲವೂ ನಿಂತಿದೆ. ವಿಷಯ ಮುಚ್ಚಿಟ್ಟು ಆ ಹಸುವನ್ನು ಸಂತೆಯಲ್ಲಿ ಮಾರುವುದು ರೋಗವನ್ನು ಇನ್ನೊಬ್ಬರ ಕೊಟ್ಟಿಗೆಗೆ ದಾಟಿಸಿದಂತೆ.

ಮೊಮ್ಮಕ್ಕಳನ್ನು ವೈದ್ಯರಿಗೆ ತೋರಿಸಿ. ಹಾಲಿನಿಂದ ಬರುವ ಕ್ಷಯ ಶ್ವಾಸಕೋಶಕ್ಕಿಂತ ಹೆಚ್ಚಾಗಿ ಕತ್ತಿನ ಗ್ರಂಥಿಗಳಲ್ಲಿ, ಕರುಳಿನಲ್ಲಿ ಕಾಣಿಸಿಕೊಳ್ಳುವುದರಿಂದ ಮಗುವಿಗೆ ಕೆಮ್ಮಿಲ್ಲವೆಂದು ಸುಮ್ಮನಿರುವಂತಿಲ್ಲ. ನೋವಿಲ್ಲದ ಕತ್ತಿನ ಗಂಟು, ಬಿಡದ ಜ್ವರ, ತೂಕ ಇಳಿಯುವುದು, ಹಳೆಯ ಹೊಟ್ಟೆನೋವು ಇವುಗಳನ್ನು ಗಮನಿಸಿ. ಹಸುವಿನ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ, ಏಕೆಂದರೆ ಕ್ಷಯಕ್ಕೆ ವಾಡಿಕೆಯಾಗಿ ಕೊಡುವ ಔಷಧಗಳಲ್ಲಿ ಒಂದಾದ ಪೈರಾಜಿನಮೈಡ್ ಈ ರೋಗಾಣುವಿನ ಮೇಲೆ ಕೆಲಸ ಮಾಡದು, ಸಾಮಾನ್ಯ ಕಫ ಪರೀಕ್ಷೆಯಲ್ಲಿ ಹಸುವಿನಿಂದ ಬಂದ ಕ್ಷಯಕ್ಕೂ ಮನುಷ್ಯರಿಂದ ಬಂದ ಕ್ಷಯಕ್ಕೂ ಇರುವ ವ್ಯತ್ಯಾಸವೂ ತಿಳಿಯದು. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆಯೂ ಔಷಧವೂ ಉಚಿತ.

ಸೋಂಕಿತ ಹಸುವಿನ ಹಾಲನ್ನು ಡೇರಿಯ ಕ್ಯಾನಿಗೆ ಬೆರೆಸಬೇಡಿ. ಅದರ ಕರುವನ್ನೂ ಮೊಲೆ ಬಿಡಿಸಿ, ಬೇರೆ ಹಸುವಿನ ಹಾಲನ್ನು ಕಾಯಿಸಿ ಆರಿಸಿ ಕುಡಿಸಿ.