ಗೆಲಾಕ್ಸಿ ತಿರುಗುತ್ತಿದ್ದರೂ ತೋಳುಗಳು ಮುದುರುವುದಿಲ್ಲ ಏಕೆ?

ಪ್ರಶ್ನೆ: ರಾಜಾಜಿನಗರದ ನಮ್ಮ ಮನೆಯ ತಾರಸಿಯಿಂದ ಗೆಳೆಯನ ಟೆಲಿಸ್ಕೋಪಿನಲ್ಲಿ ಎಂ51 ಎಂಬ ಸುರುಳಿ ಗೆಲಾಕ್ಸಿ ನೋಡಿದೆ. ಕಂಡಿದ್ದು ಎರಡು ಮಸುಕು ಮಚ್ಚೆ, ಅಷ್ಟೇ. ಫೋಟೋಗಳಲ್ಲಿ ಕಾಣುವ ಗುಲಾಬಿ, ನೀಲಿ ಬಣ್ಣ ನಿಜವೇ? ಇನ್ನೊಂದು ಅನುಮಾನ: ಗೆಲಾಕ್ಸಿ ತಿರುಗುತ್ತಲೇ ಇದ್ದರೆ ಅದರ ತೋಳುಗಳು ಇಷ್ಟು ಹೊತ್ತಿಗೆ ಬಿಗಿಯಾಗಿ ಸುತ್ತಿಕೊಂಡು ಹೋಗಬೇಕಿತ್ತು ಅಲ್ವಾ?

ಉತ್ತರ: ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಖಗೋಳ ವಿಜ್ಞಾನಿಗಳನ್ನೂ ಬಹಳ ಕಾಲ ಕಾಡಿದ ಪ್ರಶ್ನೆ ಅದು.

ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಗೆಲಾಕ್ಸಿ ಬಂಡಿಯ ಚಕ್ರದಂತೆ ಇಡಿಯಾಗಿ ತಿರುಗುವುದಿಲ್ಲ. ಕೇಂದ್ರದ ಹತ್ತಿರ ಇರುವ ನಕ್ಷತ್ರಗಳು ಬೇಗ ಒಂದು ಸುತ್ತು ಮುಗಿಸುತ್ತವೆ, ಅಂಚಿನವು ನಿಧಾನ. ನಮ್ಮ ಆಕಾಶಗಂಗೆಯಲ್ಲಿ ಸೂರ್ಯನಿಗೆ ಒಂದು ಸುತ್ತಿಗೆ ಸುಮಾರು 23 ಕೋಟಿ ವರ್ಷ ಬೇಕು. ತೋಳುಗಳಲ್ಲಿ ಯಾವಾಗಲೂ ಅವೇ ನಕ್ಷತ್ರಗಳು ಇದ್ದಿದ್ದರೆ, ಕೆಲವೇ ಸುತ್ತಿನಲ್ಲಿ ಸುರುಳಿಯ ಗುರುತೇ ಅಳಿಸಿಹೋಗುತ್ತಿತ್ತು. ಆದರೆ ಗೆಲಾಕ್ಸಿಗಳಿಗೆ ನೂರಾರು ಕೋಟಿ ವರ್ಷ ವಯಸ್ಸಾಗಿದೆ, ಸುರುಳಿಗಳು ಇನ್ನೂ ಇವೆ.

ಅಂದರೆ ತೋಳು ಒಂದು ವಸ್ತುವೇ ಅಲ್ಲ. ಸಂಜೆ ಹೊತ್ತು ಔಟರ್ ರಿಂಗ್ ರೋಡಿನಲ್ಲಿ ನೀರಿನ ಟ್ಯಾಂಕರ್ ಒಂದು ನಿಧಾನವಾಗಿ ಹೋಗುತ್ತಿದೆ ಎಂದುಕೊಳ್ಳಿ. ಅದರ ಹಿಂದೆ ವಾಹನಗಳು ಒತ್ತೊತ್ತಾಗಿ ಸೇರುತ್ತವೆ. ಒಂದೊಂದೇ ಅದನ್ನು ದಾಟಿ ಮುಂದೆ ಹೋಗುತ್ತವೆ, ಹಿಂದಿನಿಂದ ಹೊಸವು ಬಂದು ಸೇರುತ್ತವೆ. ಗುಂಪು ಮಾತ್ರ ಹಾಗೇ ಇರುತ್ತದೆ. ಗೆಲಾಕ್ಸಿಯ ತೋಳೂ ಹೀಗೇ, ನಕ್ಷತ್ರಗಳು ಬಂದು ಸೇರಿ ದಾಟಿ ಹೋಗುತ್ತವೆ. ಆದರೆ ಅಲ್ಲಿ ಟ್ಯಾಂಕರ್ ಇಲ್ಲ. ಅಲ್ಲಿ ಗುಂಪನ್ನು ಹಿಡಿದಿಡುವುದು ಆ ಗುಂಪಿನದ್ದೇ ಗುರುತ್ವ. ಈ ‘ಸಾಂದ್ರತೆಯ ಅಲೆ’ಯ ಸಿದ್ಧಾಂತವನ್ನು ಸಿ. ಸಿ. ಲಿನ್ ಮತ್ತು ಫ್ರಾಂಕ್ ಶು ಎಂಬ ವಿಜ್ಞಾನಿಗಳು 1964ರಲ್ಲಿ ಮುಂದಿಟ್ಟರು. ಎಲ್ಲ ಸುರುಳಿಗಳಿಗೂ ಇದು ಹೊಂದುವುದಿಲ್ಲ ಬಿಡಿ. ಕೆಲವು ಗೆಲಾಕ್ಸಿಗಳ ತೋಳುಗಳು ತುಂಡು ತುಂಡಾಗಿವೆ. ಅವು ಹುಟ್ಟುತ್ತಾ ಅಳಿಯುತ್ತಾ ಇರುತ್ತವೆ.

ಎಂ51ರ ತೋಳುಗಳು ಇಷ್ಟು ಅಚ್ಚುಕಟ್ಟಾಗಿರಲು ಇನ್ನೊಂದು ಕಾರಣ ಇದೆ. ನೀವು ನೋಡಿದ ಎರಡನೇ ಮಚ್ಚೆಯೇ ಅದು! ಅದರ ಹೆಸರು ಎನ್‌ಜಿಸಿ 5195, ಪಕ್ಕದ ಇನ್ನೊಂದು ಗೆಲಾಕ್ಸಿ. ಹತ್ತಿರ ಹಾದುಹೋಗುವಾಗ ಅದರ ಎಳೆತ ದೊಡ್ಡ ಗೆಲಾಕ್ಸಿಯ ಅನಿಲವನ್ನು, ನಕ್ಷತ್ರಗಳನ್ನು ಕದಡಿ ತೋಳುಗಳನ್ನು ಎದ್ದು ಕಾಣುವಂತೆ ಮಾಡಿದೆ.

ಈಗ ಬಣ್ಣದ ವಿಚಾರ. ತೋಳಿಗೆ ನುಗ್ಗಿದ ಅನಿಲ ಒತ್ತಿಕೊಂಡು ದಟ್ಟವಾಗುತ್ತದೆ, ಅಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತವೆ. ಫೋಟೋದಲ್ಲಿ ತೋಳಿನ ಒಳಅಂಚಿಗೆ ಕಪ್ಪು ಗೆರೆ ಕಾಣುತ್ತದಲ್ಲ, ಅದು ದೂಳು. ಗುಲಾಬಿ ಚುಕ್ಕೆಗಳು ಕಾದ ಹೈಡ್ರೋಜನ್ ಅನಿಲ. ನೀಲಿ ಅಂದರೆ ಎಳೆಯ, ತುಂಬ ಬಿಸಿಯಾದ ನಕ್ಷತ್ರಗಳು. ಅವುಗಳ ಆಯಸ್ಸು ಕಡಿಮೆ. ತೋಳು ಬಿಟ್ಟು ಬಹಳ ದೂರ ಹೋಗುವ ಮೊದಲೇ ಮುಗಿದುಹೋಗುತ್ತವೆ. ಅದಕ್ಕೇ ತೋಳುಗಳು ಅಷ್ಟು ಹೊಳೆಯುವುದು. ನಡುವಿನ ಹಳದಿ ಹಳೆಯ ನಕ್ಷತ್ರಗಳದ್ದು.

ಹಾಗಾಗಿ ಬಣ್ಣ ಸುಳ್ಳಲ್ಲ. ಆದರೆ ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ, ಕ್ಯಾಮೆರಾ ಮಾತ್ರ ಗಂಟೆಗಟ್ಟಲೆ ಬೆಳಕು ಕೂಡಿಸಿಕೊಳ್ಳಬಲ್ಲದು. ಹಬಲ್ ಬಾಹ್ಯಾಕಾಶ ಟೆಲಿಸ್ಕೋಪ್ 2005ರಲ್ಲಿ ತೆಗೆದ ಪ್ರಸಿದ್ಧ ಚಿತ್ರವೂ ಬೇರೆ ಬೇರೆ ಫಿಲ್ಟರ್‌ಗಳ ಚಿತ್ರಗಳನ್ನು ಜೋಡಿಸಿ ಮಾಡಿದ್ದು. ಇನ್ನೊಂದು ಬಾಹ್ಯಾಕಾಶ ಟೆಲಿಸ್ಕೋಪ್ ಜೇಮ್ಸ್ ವೆಬ್‌ನ ಚಿತ್ರಗಳ ಕಥೆ ಬೇರೆ. ಅದು ನೋಡುವುದು ನಮ್ಮ ಕಣ್ಣಿಗೆ ಕಾಣದ ಅವಕೆಂಪು (ಇನ್ಫ್ರಾರೆಡ್) ಬೆಳಕನ್ನು, ಅಲ್ಲಿನ ಬಣ್ಣ ನಾವು ಹಚ್ಚಿದ್ದು.

ಇನ್ನು ನಿಮ್ಮ ತಾರಸಿ. ಸುಮಾರು 3 ಕೋಟಿ ಜ್ಯೋತಿರ್ವರ್ಷ ದೂರದ ಎರಡು ಗೆಲಾಕ್ಸಿಗಳ ಕೇಂದ್ರಗಳು ಬೆಂಗಳೂರಿನಿಂದ ಕಂಡಿದ್ದೇ ದೊಡ್ಡದು ಅನ್ನುತ್ತೇನೆ. ಈ ಸುರುಳಿಯನ್ನು 1845ರಲ್ಲಿ ಮೊದಲು ಕಂಡು ಚಿತ್ರ ಬರೆದ ಐರ್ಲೆಂಡಿನ ಲಾರ್ಡ್ ರಾಸ್ ಅವರ ಬಳಿ ಕ್ಯಾಮೆರಾ ಇರಲಿಲ್ಲ ನಿಜ. ಆದರೆ 72 ಇಂಚಿನ ಕನ್ನಡಿಯ ಟೆಲಿಸ್ಕೋಪ್ ಇತ್ತು, ಬೀದಿದೀಪಗಳ ಕಾಟ ಇರಲಿಲ್ಲ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯೂ ತನ್ನ ದೊಡ್ಡ ಟೆಲಿಸ್ಕೋಪುಗಳನ್ನು ಇಟ್ಟಿರುವುದು ತಮಿಳುನಾಡಿನ ಕಾವಲೂರಿನಲ್ಲಿ ಮತ್ತು ಲಡಾಖಿನ ಹಾನ್ಲೆಯಲ್ಲಿ.

ಎಂಟು ಇಂಚಿನ ಟೆಲಿಸ್ಕೋಪ್ ಸಿಕ್ಕರೆ ಏಪ್ರಿಲ್‌ನ ಅಮಾವಾಸ್ಯೆ ಆಸುಪಾಸಿನಲ್ಲಿ ನಗರದಿಂದ ಚೆನ್ನಾಗಿ ದೂರ ಹೋಗಿ. ರಾತ್ರಿ ಹತ್ತರ ನಂತರ ಉತ್ತರಕ್ಕೆ ಮುಖ ಮಾಡಿ ಸಪ್ತರ್ಷಿ ಮಂಡಲ ಹುಡುಕಿ. ಬಾಲದ ತುದಿಯ ಮರೀಚಿ ನಕ್ಷತ್ರದ ಹತ್ತಿರವೇ ಎಂ51 ಇದೆ. ಕಣ್ಣು ಕತ್ತಲೆಗೆ ಹೊಂದಲು ಅರ್ಧ ಗಂಟೆ ಕೊಡಿ, ಅಷ್ಟು ಹೊತ್ತು ಮೊಬೈಲ್ ಮುಟ್ಟಬೇಡಿ. ನೇರವಾಗಿ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡಿದರೆ ತೋಳುಗಳ ಸುಳಿವು ಸಿಗಬಹುದು. ಬಣ್ಣ ಮಾತ್ರ ಅಲ್ಲೂ ಕಾಣುವುದಿಲ್ಲ.