ಚಾರ್ಟರ್ ಸ್ಕೂಲ್ ಸ್ಕೋರ್ ಚೆನ್ನಾಗಿದೆ, ಮುಕ್ಕಾಲು ಪಾಲು ಏಷಿಯನ್ ಮಕ್ಕಳು, ಮಗಳನ್ನ ಸೇರಿಸ್ಬಹುದಾ?

ಅರಿಜೋನಾದ ಫೀನಿಕ್ಸ್ ಕಡೆ ಬರ್ತಿದೀರ, ಚಾರ್ಟರ್ ಸ್ಕೂಲಲ್ಲಿ ಲಾಟರಿ ಹತ್ತಿದೆ, ಅಲ್ಲಿ ಮ್ಯಾಥ್ಸ್ ಸ್ಕೋರ್, ಅಂದ್ರೆ ರಾಜ್ಯದ ಪರೀಕ್ಷೇಲಿ ಪಾಸಾದ ಮಕ್ಕಳು, 85%, ಮನೆ ಪಕ್ಕದ ಡಿಸ್ಟ್ರಿಕ್ಟ್ ಸ್ಕೂಲಲ್ಲಿ (ಆ ಏರಿಯಾದ ಮಾಮೂಲಿ ಸರ್ಕಾರಿ ಸ್ಕೂಲು) ಅರ್ಧಕ್ಕರ್ಧ ಹಿಸ್ಪಾನಿಕ್, ಅಂದ್ರೆ ಲ್ಯಾಟಿನ್ ಅಮೆರಿಕಾ ಮೂಲದ ಮಕ್ಕಳು, ಸ್ಕೋರ್ 50%. ಅಯ್ಯೋ, ನಾನೇ ಬರೆದ ಪ್ರಶ್ನೆ ಓದಿದ ಹಾಗಾಯ್ತು.

ನಾವು ಫೀನಿಕ್ಸ್ ಪಕ್ಕದ ಚಾಂಡ್ಲರ್‌ಗೆ ಬಂದಾಗ ಮಗಳು ಐದನೇ ಕ್ಲಾಸು. ಇಂಟೆಲ್ ಇರೋ ಊರು, ನಮ್ಮ ಕಡೆಯವರು ಬೇಕಾದಷ್ಟಿದಾರೆ, ಯಾರನ್ನ ಕೇಳಿದ್ರೂ ಒಂದೇ ಚಾರ್ಟರ್ ಸ್ಕೂಲ್ ಹೆಸರು ಹೇಳೋರು. ಫೀಸಿಲ್ಲ, ಸರ್ಕಾರದ ದುಡ್ಡಲ್ಲೇ ನಡೆಯೋದು, ನಡೆಸೋದು ಮಾತ್ರ ಡಿಸ್ಟ್ರಿಕ್ಟ್ ಅಲ್ಲ, ಬೇರೆ ಸಂಸ್ಥೆ, ಎಂಟ್ರೆನ್ಸ್ ಇಲ್ಲ, ಅರ್ಜಿ ಜಾಸ್ತಿ ಬಂದ್ರೆ ಲಾಟರಿ. ಸೀಟು ಸಿಕ್ತು. ಅದರ ಹತ್ರಾನೇ ಬಾಡಿಗೆ ಮನೆ ಹಿಡಿದ್ವಿ, ಬಸ್ ಇಲ್ಲದ ಸ್ಕೂಲು, ಬಿಟ್ಟು ಕರ್ಕೊಂಡು ಬರೋಕೆ ಜನ ಬೇಕಲ್ಲ, ನನಗೆ ಬಂದಿದ್ದ ಕೆಲಸ ಬೇಡ ಅಂದೆ. ಆರನೇ ಕ್ಲಾಸಿಗೆ ಬರೋ ಹೊತ್ತಿಗೆ ಮಗಳು ಮ್ಯಾಥ್ಸ್ ಪುಸ್ತಕ ತೆಗೆದ್ರೆ ಅಳೋಕೆ ಶುರು ಮಾಡಿದ್ಲು. ಟೀಚರ್ ಕೆಟ್ಟವರಲ್ಲ, ಆದ್ರೆ ಕ್ಲಾಸು ಓಡ್ತಿತ್ತು, ಯಾಕಂದ್ರೆ ಪಕ್ಕದಲ್ಲಿ ಕೂತ ಮಕ್ಕಳೆಲ್ಲ ಆ ಪಾಠನ ಸಂಜೆ ಕುಮಾನ್ ಕೋಚಿಂಗ್ ಸೆಂಟರ್‌ನಲ್ಲೋ ಟ್ಯೂಷನ್‌ನಲ್ಲೋ ಮೊದಲೇ ಮುಗಿಸಿ ಬಂದಿರೋರು. ಏಳನೇ ಕ್ಲಾಸಿನ ಮಧ್ಯದಲ್ಲಿ ಬಿಡಿಸಿದ್ವಿ.

ನಾನು ಮಾಡಿದ ತಪ್ಪು ಒಂದೇ, ಅದನ್ನ ಬಿಡಿಸಿ ಹೇಳ್ತೀನಿ, ಬೇಜಾರಾದ್ರೂ ಪೂರ್ತಿ ಓದಿ. ಆ 85% ಅನ್ನೋದು ಸ್ಕೂಲು ಕಲಿಸಿದ್ದರ ಅಳತೆ ಅಂದ್ಕೊಂಡೆ. ಅದು ಅಲ್ಲ. ಪರೀಕ್ಷೆ ದಿನ ಆ ಸ್ಕೂಲಲ್ಲಿ ಯಾರು ಕೂತಿದ್ರೋ ಅವರಿಗೆ ಎಷ್ಟು ಬರ್ತಿತ್ತು ಅಂತ ಅಷ್ಟೇ ಅದು ಹೇಳೋದು, ಎಲ್ಲಿ ಕಲಿತ್ರು ಅಂತ ಹೇಳಲ್ಲ. ಅಪ್ಪ ಅಮ್ಮ ಇಬ್ಬರೂ ಎಂಜಿನಿಯರು, ಮನೇಲಿ ದಿನಾ ಹೇಳಿಕೊಡೋರಿದಾರೆ, ತಿಂಗಳು ತಿಂಗಳು ಟ್ಯೂಷನ್‌ಗೆ ದುಡ್ಡು ಕಟ್ತಾರೆ, ಅದೆಲ್ಲಾ ಹೋಗಿ ಸೇರೋದು ಸ್ಕೂಲಿನ ಲೆಕ್ಕಕ್ಕೆ. ನಮ್ಮೂರಲ್ಲಿ ಎಸ್ಸೆಸ್ಸೆಲ್ಸಿಲಿ 95 ತೆಗೆದವರನ್ನೇ ಆರಿಸಿ ಸೇರಿಸ್ಕೊಂಡು ಪಿಯುಸಿ ರಿಸಲ್ಟ್ ದಿನ ಫೋಟೋ ಹಾಕಿ ಫ್ಲೆಕ್ಸ್ ಕಟ್ಟೋ ಕಾಲೇಜುಗಳಿಲ್ವಾ, ಹಾಗೆ. ಇಲ್ಲಿ ಮಾರ್ಕ್ಸ್ ನೋಡಿ ಆರಿಸೋ ಹಾಗಿಲ್ಲ ನಿಜ, ಆದ್ರೆ ಬಸ್ ಇಲ್ಲ ಅಂದ್ರೆ ಎರಡು ಶಿಫ್ಟ್ ದುಡಿಯೋ ಅಮ್ಮ ಅರ್ಜಿನೇ ಹಾಕಲ್ಲ, ಲಾಟರಿ ನಡೆಯೋದು ಅರ್ಜಿ ಹಾಕಿದವರ ಮಧ್ಯೆ ಮಾತ್ರ.

ಇನ್ನೊಂದು ಅರ್ಧ ಇದೆ ಇದರಲ್ಲಿ, ಅದೇ ನನಗೆ ಹೊಡೆತ ಕೊಟ್ಟಿದ್ದು. 100 ಮಕ್ಕಳಿದಾರೆ, 60 ಜನ ಪಾಸ್, ಅಂದ್ರೆ 60%. ಪಾಸಾಗದ 40ರಲ್ಲಿ 25 ಮಕ್ಕಳು ತಡೆಯೋಕಾಗದೆ ಬೇರೆ ಸ್ಕೂಲಿಗೆ ಹೋದ್ರು, ಖಾಲಿ ಸೀಟಿಗೆ ಯಾರನ್ನೂ ತಗೊಳ್ಳಲಿಲ್ಲ. ಈಗ 75ರಲ್ಲಿ 60, ಅಂದ್ರೆ 80%. ಯಾರೂ ಒಂದಕ್ಷರ ಜಾಸ್ತಿ ಕಲೀಲಿಲ್ಲ, ಸ್ಕೋರ್ ಮಾತ್ರ 20 ಏರ್ತು. ನನ್ನ ಮಗಳು ಹೋದಾಗ ಆ ಸ್ಕೂಲಿನ ಪರ್ಸೆಂಟೇಜ್ ಚೂರು ಚೆನ್ನಾಗಾಗಿರುತ್ತೆ, ಅದನ್ನ ನೆನೆಸ್ಕೊಂಡ್ರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಸೇರಿಸೋ ಮುಂಚೆ ಐದನೇ ಕ್ಲಾಸಲ್ಲಿ ಎಷ್ಟು ಮಕ್ಕಳು, ಎಂಟರಲ್ಲಿ ಎಷ್ಟು, ಹನ್ನೆರಡರಲ್ಲಿ ಎಷ್ಟು ಅಂತ ನೋಡಿದ್ರೆ ಸಾಕಿತ್ತು. ಅರಿಜೋನಾ ಶಿಕ್ಷಣ ಇಲಾಖೆ ಪ್ರತಿ ವರ್ಷ ಅಕ್ಟೋಬರ್ 1ರ ದಾಖಲಾತಿ ಲೆಕ್ಕ ಹಾಕುತ್ತೆ, ಸ್ಕೂಲ್‌ವಾರು, ಕ್ಲಾಸ್‌ವಾರು, ಯಾವ ಜನಾಂಗದವರು ಎಷ್ಟು ಅಂತ ಸಮೇತ. ಎಲ್ಲರಿಗೂ ಸಿಗೋ ಫೈಲು, ನಾನು ತೆಗೀಲೇ ಇಲ್ಲ.

ಈಗ ನಿಮ್ಮ ಪ್ರಶ್ನೆ. ಏಷಿಯನ್ ಜಾಸ್ತಿ ಇದಾರೆ ಅಂತ ಅದು ಒಳ್ಳೇ ಸ್ಕೂಲು, ಹಿಸ್ಪಾನಿಕ್ ಮಕ್ಕಳು ಜಾಸ್ತಿ ಅಂತ ಇದು ಡಲ್ ಅನ್ನೋ ಯೋಚನೆನೇ ತಪ್ಪು, ನೇರವಾಗಿ ಹೇಳ್ತಿದೀನಿ ಕ್ಷಮಿಸಿ. ಅಮೆರಿಕಾದ ಚಾರ್ಟರ್ ಸ್ಕೂಲುಗಳನ್ನೆಲ್ಲ ಒಟ್ಟಿಗೆ ತಗೊಂಡ್ರೆ ಅರ್ಧಕ್ಕಿಂತ ಜಾಸ್ತಿ ಹಿಸ್ಪಾನಿಕ್ ಮತ್ತು ಕಪ್ಪು ಮಕ್ಕಳು, ಏಷಿಯನ್ ಸುಮಾರು 4% ಅಷ್ಟೇ. ಚಾರ್ಟರ್‌ನಿಂದ ನಿಜವಾಗಿ ಲಾಭ ಆಗಿರೋದು ಕೂಡ ಜಾಸ್ತಿ ಆ ಹಿಸ್ಪಾನಿಕ್ ಮತ್ತು ಕಪ್ಪು ಮಕ್ಕಳಿಗೇ. ಬಾಸ್ಟನ್‌ನಲ್ಲಿ ಲಾಟರಿ ಗೆದ್ದ ಮಕ್ಕಳನ್ನೂ ಸೋತ ಮಕ್ಕಳನ್ನೂ ಹೋಲಿಸಿ ನೋಡಿದಾಗ ಗೆದ್ದವರು ತುಂಬಾ ಮುಂದೆ ಹೋಗಿದ್ರು. ಸ್ಟ್ಯಾನ್‌ಫರ್ಡ್‌ನ ಕ್ರೆಡೋ ಅನ್ನೋ ಸಂಶೋಧನಾ ಕೇಂದ್ರ 2023ರಲ್ಲಿ ಕೊಟ್ಟ ವರದಿ ನೋಡಿದ್ರೂ ಹಾಗೇ, ಒಟ್ಟಾರೆ ಲಾಭ ಸಣ್ಣದು, ಡಿಸ್ಟ್ರಿಕ್ಟ್ ಸ್ಕೂಲಿನ ಅಂಥದ್ದೇ ಮಕ್ಕಳಿಗಿಂತ ವರ್ಷಕ್ಕೆ ಓದಿನಲ್ಲಿ 16 ದಿನದ ಕಲಿಕೆ ಜಾಸ್ತಿ, ಗಣಿತದಲ್ಲಿ 6 ದಿನ, ಆದ್ರೆ ನಗರದ ಬಡ ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳಿಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಆನ್‌ಲೈನ್ ಚಾರ್ಟರ್‌ಗಳಲ್ಲಿ ಗಣಿತದಲ್ಲಿ 124 ದಿನ ಹಿಂದೆ! ಚಾರ್ಟರ್ ಅನ್ನೋ ಬೋರ್ಡ್ ನೋಡಿ ಏನೂ ಹೇಳೋಕಾಗಲ್ಲ.

ಮಗಳನ್ನ ಕೊನೆಗೆ ಸೇರಿಸಿದ್ದು ನೀವು ಹೆದರ್ತಿರೋ ಅಂಥದ್ದೇ ಡಿಸ್ಟ್ರಿಕ್ಟ್ ಸ್ಕೂಲಿಗೆ. ಮನೇಲಿ ಸ್ಪ್ಯಾನಿಷ್ ಮಾತಾಡೋ ಮಕ್ಕಳು ಜಾಸ್ತಿ, ಎಷ್ಟೋ ಜನಕ್ಕೆ ಬಡ ಮನೆ ಮಕ್ಕಳಿಗೆ ಕೊಡೋ ಫ್ರೀ ಊಟ. ಅಲ್ಲಿನ ಮ್ಯಾಥ್ಸ್ ಮೇಡಂ ಮೊದಲು ಒಂದು ಟೆಸ್ಟ್ ಕೊಟ್ಟು, ಇವಳಿಗೆ ಭಿನ್ನರಾಶಿನೇ ಗಟ್ಟಿ ಆಗಿಲ್ಲ, ಅದಕ್ಕೇ ಆಲ್ಜೀಬ್ರಾ ಹತ್ತುತ್ತಿಲ್ಲ ಅಂತ ಕಂಡುಹಿಡಿದ್ರು, ಊಟದ ಬಿಡುವಲ್ಲಿ ಕೂರಿಸ್ಕೊಂಡು ಹೇಳಿಕೊಟ್ರು. ಈಗ ಹೈಸ್ಕೂಲಲ್ಲಿ ಆನರ್ಸ್ ಮ್ಯಾಥ್ಸ್ (ಮಾಮೂಲಿಗಿಂತ ಕಷ್ಟದ್ದು) ತಗೊಂಡಿದಾಳೆ, ಅದೂ ಅವಳೇ ಕೇಳಿ.

ನಿಮ್ಮ ಜಾಗದಲ್ಲಿ ನಾನಿದ್ರೆ ಡಿಸ್ಟ್ರಿಕ್ಟ್ ಸ್ಕೂಲಿಂದಾನೇ ಶುರು ಮಾಡ್ತೀನಿ. ಇಲ್ಲಿ ರಾಜ್ಯದವರು ಸ್ಕೂಲುಗಳಿಗೆ ಎ ಇಂದ ಎಫ್ ವರೆಗೆ ಗ್ರೇಡ್ ಕೊಡ್ತಾರಲ್ಲ, ಎಂಟನೇ ಕ್ಲಾಸ್‌ವರೆಗಿನ ಸ್ಕೂಲಿಗೆ ಅದರಲ್ಲಿ ಅರ್ಧದಷ್ಟು ಅಂಕ ಗ್ರೋತ್‌ಗೆ, ಅಂದ್ರೆ ಹೋದ ವರ್ಷದಿಂದ ಈ ವರ್ಷಕ್ಕೆ ಮಗು ಎಷ್ಟು ಮುಂದೆ ಬಂತು ಅನ್ನೋದಕ್ಕೆ, ಪಾಸಾದವರ ಲೆಕ್ಕಕ್ಕೆ 30% ಮಾತ್ರ. ಎರಡೂ ಸ್ಕೂಲಿನ ಗ್ರೋತ್ ಅಂಕ ಪಕ್ಕಪಕ್ಕ ಇಟ್ಟು ನೋಡಿ. ರಾಜ್ಯದ ಪರೀಕ್ಷೆ ಫಲಿತಾಂಶದಲ್ಲಿ ಬಡ ಮಕ್ಕಳ ಸ್ಕೋರ್ ಬೇರೆ ಸಾಲಲ್ಲಿರುತ್ತೆ, ಅದನ್ನ ನೋಡಿ, ಅಲ್ಲಿ ನಂಬರ್ ಬದಲು ನಕ್ಷತ್ರದ ಗುರುತಿದ್ರೆ ಅಂಥ ಮಕ್ಕಳು ಲೆಕ್ಕಕ್ಕೆ ಸಿಗದಷ್ಟು ಕಮ್ಮಿ ಇದಾರೆ ಅಂತ ಅರ್ಥ. ಇಷ್ಟಾದ ಮೇಲೂ ಚಾರ್ಟರೇ ಬೇಕು ಅನ್ಸಿದ್ರೆ, ಸೀಟು ಒಪ್ಕೊಳ್ಳೋ ಮುಂಚೆ ಎರಡು ಪ್ರಶ್ನೆ ಇಮೇಲ್‌ನಲ್ಲಿ ಕೇಳಿ: ಹೋದ ವರ್ಷ ಈ ಕ್ಲಾಸಿಂದ ಎಷ್ಟು ಮಕ್ಕಳು ಮಧ್ಯದಲ್ಲಿ ಬಿಟ್ಟು ಹೋದ್ರು, ಮಗು ಹಿಂದೆ ಬಿದ್ರೆ ಸ್ಕೂಲ್ ಟೈಮಲ್ಲೇ ಯಾರು ಹೇಳಿಕೊಡ್ತಾರೆ. ಎರಡನೇದಕ್ಕೆ ಹೊರಗಡೆ ಟ್ಯೂಷನ್‌ಗೆ ಹಾಕಿ ಅಂತ ಉತ್ತರ ಬಂದ್ರೆ ಸೀಟು ಬಿಟ್ಟುಬಿಡಿ.