75,000 ರೂಬಲ್‌ಗೆ ಚೆಕಾವ್ ಮಾರಿದ್ದೇನು?

ಪ್ರಶ್ನೆ: ರಷ್ಯಾದ ಕತೆಗಾರ, ನಾಟಕಕಾರ ಆಂಟನ್ ಚೆಕಾವ್ ತನ್ನ ಕತೆಗಳ ಹಕ್ಕನ್ನೆಲ್ಲ ಒಬ್ಬನೇ ಪ್ರಕಾಶಕನಿಗೆ ಮಾರಿಬಿಟ್ಟಿದ್ದ ಎಂದು ಓದಿದೆ. ಅಷ್ಟು ದೊಡ್ಡ ಲೇಖಕ ಮೋಸ ಹೋಗಿದ್ದು ಹೇಗೆ?

ಉತ್ತರ: ಮೋಸ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಅವಸರಪಟ್ಟ ಅನ್ನಬಹುದು. ಅದಕ್ಕೆ ಕಾರಣವೂ ಇತ್ತು.

1897ರಲ್ಲಿ ರಕ್ತ ಕಾರಿಕೊಂಡು ಆಸ್ಪತ್ರೆ ಸೇರಿದ. ಕ್ಷಯ ಅಂತ ಖಚಿತವಾಯಿತು. ಮರುವರ್ಷ ಅಪ್ಪ ತೀರಿಕೊಂಡರು. ಬೆಚ್ಚಗಿನ ಊರಾದ ಯಾಲ್ಟಾದಲ್ಲಿ ಮನೆ ಕಟ್ಟಿಸಬೇಕಿತ್ತು. ಅಮ್ಮ, ತಂಗಿಯ ಜವಾಬ್ದಾರಿ ಬೇರೆ. ಅಲ್ಲಿಯವರೆಗೆ ಅವನ ಪುಸ್ತಕ ತರುತ್ತಿದ್ದ ಸುವೊರಿನ್ ಹಳೇ ಗೆಳೆಯನೇ, ಆದರೆ ಅಲ್ಲಿ ಕೆಲಸ ನಿಧಾನ, ಲೆಕ್ಕ ಗೋಜಲು. ಆಗ ಮುಂದೆ ಬಂದವನು ಪೀಟರ್ಸ್‌ಬರ್ಗಿನ ಅಡಾಲ್ಫ್ ಮಾರ್ಕ್ಸ್, 'ನೀವಾ' ವಾರಪತ್ರಿಕೆಯ ಒಡೆಯ. (ಕಾರ್ಲ್ ಮಾರ್ಕ್ಸ್ ಅಲ್ಲ, ಇವನು ಬೇರೆ.)

1899ರ ಜನವರಿಯಲ್ಲಿ ಕರಾರಾಯಿತು. ಅಲ್ಲಿಯವರೆಗೆ ಬರೆದದ್ದಕ್ಕೆಲ್ಲ 75,000 ರೂಬಲ್, ಅದೂ ಕಂತುಗಳಲ್ಲಿ. ಮುಂದೆ ಬರೆಯುವುದನ್ನು ಮೊದಲು ಪತ್ರಿಕೆಗೆ ಕೊಡಬಹುದು, ಪುಸ್ತಕ ಮಾಡುವ ಹಕ್ಕು ಮಾತ್ರ ಮಾರ್ಕ್ಸ್‌ನದು. ಒಂದನ್ನು ಮಾತ್ರ ಚೆಕಾವ್ ಕೈಬಿಡಲಿಲ್ಲ: ನಾಟಕ ಆಡಿದಾಗ ಬರುವ ಹಣ. ಒಂದು ತಿಂಗಳ ಹಿಂದಷ್ಟೇ ಮಾಸ್ಕೋ ಆರ್ಟ್ ಥಿಯೇಟರಿನಲ್ಲಿ ಅವನ ನಾಟಕ 'ದಿ ಸೀಗಲ್' ಗೆದ್ದಿತ್ತು. ಇಡೀ ಕರಾರಿನಲ್ಲಿ ನನಗೆ ತುಂಬ ಮೆಚ್ಚುಗೆಯಾಗುವುದು ಇದೇ.

ನಷ್ಟವಾಗಲಿಲ್ಲವೇ? ಖಂಡಿತ ಆಯಿತು. 1903ರಲ್ಲಿ ಮಾರ್ಕ್ಸ್ ಅವನ ಕೃತಿಗಳನ್ನು 'ನೀವಾ' ಚಂದಾದಾರರಿಗೆ ಪುರವಣಿಯಾಗಿ ಹಂಚಿದ. ಆ ಪತ್ರಿಕೆಗೆ ಲಕ್ಷಗಟ್ಟಲೆ ಓದುಗರಿದ್ದರು. ಅದರಿಂದ ಲೇಖಕನಿಗೆ ಹೆಚ್ಚುವರಿಯಾಗಿ ಒಂದು ಕಾಸೂ ಬರಲಿಲ್ಲ.

ಆದರೆ ದುಡ್ಡಿನ ಲೆಕ್ಕವಷ್ಟನ್ನೇ ನೋಡಬೇಡಿ. ಮಾರ್ಕ್ಸ್‌ಗೆ ಎಲ್ಲವನ್ನೂ ಒಟ್ಟುಮಾಡಿ ಕೊಡಬೇಕಿತ್ತಲ್ಲ, ಹಾಗಾಗಿ ಚೆಕಾವ್ 'ಅಂತೋಶಾ ಚೆಖೊಂತೆ' ಎಂಬ ಹೆಸರಲ್ಲಿ ಹಾಸ್ಯ ಪತ್ರಿಕೆಗಳಿಗೆ ಬರೆದ ಕತೆಗಳನ್ನೆಲ್ಲ ಹುಡುಕಿಸಬೇಕಾಯಿತು. ಎಷ್ಟೋ ಕತೆಗಳ ಪ್ರತಿ ಅವನ ಬಳಿಯೇ ಇರಲಿಲ್ಲ. ಗೆಳತಿ ಲಿಡಿಯಾ ಅವಿಲೋವಾ ಪೀಟರ್ಸ್‌ಬರ್ಗಿನ ಹಳೇ ಪತ್ರಿಕೆಗಳಿಂದ ನಕಲು ಮಾಡಿಸಿ ಕಳಿಸಿದಳು. ಕಾಯಿಲೆಯಲ್ಲೇ ಕೂತು ಅವನು ಒಂದೊಂದನ್ನೂ ತಿದ್ದಿದ, ಮೊಟಕು ಮಾಡಿದ, ನೂರಾರನ್ನು ಬೇಡವೆಂದು ಬದಿಗಿಟ್ಟ. ಇವತ್ತು ನಾವು ಓದುವ ಎಷ್ಟೋ ಕತೆಗಳು ಹೀಗೆ ತಿದ್ದಿಸಿಕೊಂಡೇ ಬಂದವು.

ಗೆಳೆಯನಾದ ಲೇಖಕ ಮ್ಯಾಕ್ಸಿಮ್ ಗೋರ್ಕಿಗೆ ಈ ಕರಾರು ಸಹಿಸಲಾಗಲಿಲ್ಲ. ಅದನ್ನು ಮುರಿ ಎಂದು ಒತ್ತಾಯ ಮಾಡುತ್ತಲೇ ಇದ್ದ. ಕೊನೆಗೆ ಚೆಕಾವ್‌ನನ್ನು ಬಿಡುಗಡೆ ಮಾಡಿ ಎಂದು ಮಾರ್ಕ್ಸ್‌ಗೆ ಬರೆಯಲು ಲೇಖಕರೆಲ್ಲ ಸೇರಿ ಒಂದು ಪತ್ರ ತಯಾರಿಸಿದರು. ಕಳಿಸಬೇಡಿ ಎಂದು ಚೆಕಾವ್ ತಡೆದ. ಕರಾರಿನ ಮೇಲಿನ ಸಹಿ ಅವನದೇ ಆಗಿತ್ತಲ್ಲ. ಪತ್ರ ಹೋಗಲೇ ಇಲ್ಲ. 1904ರ ಜುಲೈನಲ್ಲಿ, 44ನೇ ವಯಸ್ಸಿಗೆ, ಅವನು ತೀರಿಕೊಂಡಾಗ ಆ ಕರಾರು ಹಾಗೇ ಇತ್ತು.